ಕಿವಿ ಮೇಷ್ಟ್ರ ಕುರ್ಚಿ

ಬೆಳಗ್ಗೆಯಿಂದ ಕರೆಂಟಕ್ಕ ಕಾಲು ಸುಟ್ಟ ಬೆಕ್ಕಿನ ಹಾಗೆ ಅಂಗಡಿ ತುಂಬ ಓಡಾಡುತ್ತಿದ್ದಳು. ಸಂಜೆ ನಾಲ್ಕಕ್ಕೆ ವ್ಯಾನು ಬರುತ್ತೆ. ಒಳಕೋಣೆಯಲ್ಲಿ ಎರಡು ಕಂಪನಿಯ ಸ್ಪೀಕರುಗಳು ಕೂತಿವೆ. ಒಂದು ಕಂಪನಿಯದ್ದು ಉಳಿಯಬೇಕು, ಇನ್ನೊಂದು ವ್ಯಾನು ಹತ್ತಬೇಕು. ಉಳಿದವರ ಜೊತೆ ಮೂರು ವರ್ಷದ ಕರಾರು. ಅಂದರೆ ಮೂರು ವರ್ಷ ಈ ಅಂಗಡಿಯವರು ಯಾರ ಮನೆಗೆ ಹೋದರೂ ಗೋಡೆಗೆ ಅದೇ, ಚಾವಣಿಗೆ ಅದೇ. ಆಮೇಲೆ ಸರಿಬರಲಿಲ್ಲ ಅಂತ ತಲೆ ಚಚ್ಚಿಕೊಂಡರೆ ಕೇಳುವವರು ಯಾರು?

ಹೊಸ ಮನೆ ಕಟ್ಟಿಸುವವರಿಗೆ ದೀಪ, ಪರದೆ, ಬಾಗಿಲು, ಹಾಡು ಎಲ್ಲವನ್ನೂ ಒಂದೇ ಗುಂಡಿಗೆ ಕಟ್ಟಿಕೊಡುವುದು ಈ ಅಂಗಡಿಯ ಕಸುಬು. ದೀಪ, ಬಾಗಿಲುಗಳ ಸಾಮಾನು ಯಾವ ಕಂಪನಿಯದು ಅಂತ ಆರಿಸುವವಳು ಕರೆಂಟಕ್ಕ. ಅದನ್ನು ಹೋದ ವಾರವೇ ಮುಗಿಸಿದ್ದಳು. ನೆಟ್ ಹೋದರೂ ಗೋಡೆಯ ಸ್ವಿಚ್ಚು ಒತ್ತಿದರೆ ದೀಪ ಹತ್ತಬೇಕು, ಅಷ್ಟೇ ಅವಳ ಹಟ. ಹತ್ತದ ಎರಡು ಕಂಪನಿಯವರನ್ನು ಕೂತ್ಕೊಳ್ಳಿ ಅಂತಲೂ ಅನ್ನದೆ ಸಾಗಹಾಕಿದ್ದಳು. ಸ್ಪೀಕರು ಮಾತ್ರ ಅವಳ ಗಂಡನ ಪಾಲು. ಊರೆಲ್ಲ ಅವರನ್ನು ಕಿವಿ ಮೇಷ್ಟ್ರು ಅಂತಲೇ ಕರೆಯುತ್ತಿತ್ತು. ಇಪ್ಪತ್ತು ವರ್ಷ ಅವರು ಕೇಳಿ "ಇದು" ಅಂದದ್ದೇ ಗಿರಾಕಿಗಳಿಗೆ ವೇದವಾಕ್ಯ. ಈಗ ಹನ್ನೆರಡು ಕೋಣೆಯ ಮನೆ ಕಟ್ಟಿಸುತ್ತಿದ್ದ ಹಲ್ಲಿನ ಡಾಕ್ಟರಮ್ಮ ಕೂಡ ಬೆಲೆ ಕೇಳಿರಲಿಲ್ಲ, ಕಂಪನಿ ಕೇಳಿರಲಿಲ್ಲ. "ಮೇಷ್ಟ್ರ ಕಿವಿ ಏನ್ ಹೇಳುತ್ತೋ ಅದೇ ಹಾಕಿ. ನಾಲ್ಕು ಗಂಟೆಗೆ ಫೋನ್ ಮಾಡ್ತೀನಿ," ಅಂದಿದ್ದರು.

ಆ ಕಿವಿಯ ಮೇಲೇ ಕರೆಂಟಕ್ಕನಿಗೆ ಈಗ ಅನುಮಾನ.

ಎರಡು ತಿಂಗಳ ಹಿಂದೆ ಮೇಷ್ಟ್ರ ಮೇಜಿನ ನೆತ್ತಿಯಲ್ಲೇ ಇದ್ದ, ಹೊಗೆ ಬಂದರೆ ಕೂಗುವ ಗಂಟೆಯ ಬ್ಯಾಟರಿ ಮುಗಿದು, ನಿಮಿಷಕ್ಕೊಂದು ಸಲ ಕೀಂವ್ ಅಂತ ಕೂಗುತ್ತಿತ್ತು. ಅದೆಂಥ ಕೂಗು ಅಂದರೆ ಹೊರಗೆ ರಸ್ತೆಯಲ್ಲಿ ಹೋಗುವವರೂ ತಲೆ ಎತ್ತಿ ನೋಡುತ್ತಿದ್ದರು. ಮೇಷ್ಟ್ರು ಮಾತ್ರ ಅದರ ಕೆಳಗೆ ಮೂರು ದಿನ ತಣ್ಣಗೆ ಪತ್ರ ಬರೆದುಕೊಂಡು ಕೂತಿದ್ದರು. ನಾಲ್ಕನೇ ದಿನ ಅವಳೇ ಏಣಿ ಹತ್ತಿ, ಯಾರಿಗೂ ಹೇಳದೆ ಬ್ಯಾಟರಿ ಬದಲಾಯಿಸಿದಳು. ಆದರೆ ವರ್ಷದಿಂದ ಅವರು ಆರಿಸಿಕೊಟ್ಟಿದ್ದು ಒಂದೂ ತಪ್ಪಿರಲಿಲ್ಲವಲ್ಲ. ಏನೋ ಯೋಚನೆಯಲ್ಲಿದ್ದರು, ಕೇಳಿಸಿಕೊಂಡಿಲ್ಲ, ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು.

ಮಧ್ಯಾಹ್ನ ಎರಡಕ್ಕೆ ಪರೀಕ್ಷೆ ಶುರುವಾಯಿತು. ಅದಕ್ಕೆ ಅವರದ್ದೇ ಒಂದು ಶಿಸ್ತು. ಒಳಕೋಣೆಯ ನಡುವೆ ದಪ್ಪನೆಯ ಪರದೆ. ಆಚೆ ಕುರ್ಚಿಯಲ್ಲಿ ಮೇಷ್ಟ್ರು ಕಣ್ಣು ಮುಚ್ಚಿ, ಮೈಯೆಲ್ಲ ಕಿವಿಯಾಗಿ ಕೂರಬೇಕು. ಈಚೆ ಸ್ಪೀಕರುಗಳ ಪಕ್ಕ ಕರೆಂಟಕ್ಕ ನಿಂತು, ತಾನೇ ಮಾಡಿದ ಸ್ವಿಚ್ಚು ಪೆಟ್ಟಿಗೆಯ ಸನ್ನೆಯನ್ನು, ಅಂದರೆ ಹಿಡಿಯನ್ನು, ಒಂದನೇ ಕಂಪನಿಗೆ ಒಂದಕ್ಕೆ, ಎರಡನೇ ಕಂಪನಿಗೆ ಎರಡಕ್ಕೆ ತಳ್ಳಬೇಕು. ಮಾತಾಡುವಂತಿಲ್ಲ, ಕೆಮ್ಮುವಂತಿಲ್ಲ. ಜೋರಾಗಿರುವುದೇ ಚೆನ್ನಾಗಿದೆ ಅನ್ನಿಸುವುದು ಮನುಷ್ಯನ ಹಣೆಬರಹ, ಆದ್ದರಿಂದ ಎರಡರ ಸದ್ದನ್ನೂ ಅವಳು ಮೀಟರಿನಲ್ಲಿ ಅಳೆದು ಸಮ ಮಾಡಿಟ್ಟಿದ್ದಳು. ಒಬ್ಬ ಹೆಂಗಸು ಹಾಡುವ ಹಾಡು. ಮೂರು ಸುತ್ತು.

ಮೊದಲ ಸುತ್ತಿನಲ್ಲಿ ಒಂದು ಹಾಡಿತು. ಅವಳು ಸನ್ನೆಯನ್ನು ಎರಡಕ್ಕೆ ತಳ್ಳಿದಳು. ಟಕ್ ಅಂತು. ಹಾಡು ಮಾತ್ರ ಒಂದರಿಂದಲೇ ಬರುತ್ತಿತ್ತು. ಅಳೆಯುವಾಗ ನೆಟ್ಟಗಿದ್ದ ಪೆಟ್ಟಿಗೆ ಈಗ ಕೈಕೊಟ್ಟಿತ್ತು. ಅವಳು ಕುಕ್ಕರಗಾಲಲ್ಲಿ ಕೂತು ಎರಡನೇ ಸ್ಪೀಕರಿನ ಎದೆಗೆ ಬೆರಳಿಟ್ಟಳು. ಮಿಸುಕಾಟವಿಲ್ಲ. ತಂತಿ ಜಗ್ಗಿ ನೋಡಿದಳು, ಒತ್ತಿ ನೋಡಿದಳು. ಇನ್ನೇನು ಎದ್ದು ಪರದೆ ಸರಿಸಬೇಕು, ಅಷ್ಟರಲ್ಲಿ ಆಚೆಯಿಂದ ಧ್ವನಿ ಬಂತು.

"ಎರಡು. ಅನುಮಾನವೇ ಇಲ್ಲ. ಒಂದನೇದು ಗಂಟಲಿಂದ ಹಾಡುತ್ತೆ, ಎರಡನೇದು ಎದೆಯಿಂದ ಹಾಡುತ್ತೆ."

ಕರೆಂಟಕ್ಕ ಕೈಯಲ್ಲಿದ್ದ ತಂತಿ ಬಿಟ್ಟಳು. ಆಗಲೇ ಪರದೆ ಸರಿಸಬೇಕಿತ್ತು, ಸರಿಸಲಿಲ್ಲ. ಯಾಕೆ ಅಂತ ಆಮೇಲೆ ತನ್ನನ್ನೇ ಎಷ್ಟು ಬೈದುಕೊಂಡಳೋ. ಬೇಕಂತಲೇ ಎರಡನೇ ಸುತ್ತು ಮಾಡಿದಳು, ಮೂರನೇದನ್ನೂ ಮಾಡಿದಳು. ಕಟ್ಟಿಕೊಂಡ ಗಂಡನನ್ನು ಪೊಲೀಸಿನವಳ ಹಾಗೆ ಪರೀಕ್ಷೆ ಮಾಡುತ್ತಿದ್ದೀನಲ್ಲ ಅಂತ ಸಂಕಟವಾಗಿ, ಎರಡಕ್ಕೆ ತಳ್ಳಿದ ಸನ್ನೆಯ ಮೇಲೆ ಕೈಯಿಟ್ಟವಳು ತೆಗೆಯುವುದನ್ನೇ ಮರೆತಳು. ಮೇಷ್ಟ್ರು ಎರಡು ಸಲವೂ "ಎರಡು" ಅಂದರು. ಮೂರನೇ ಸಲವಂತೂ ಹಾಡುವವಳ ಉಸಿರು ಕೂಡ ಕೇಳಿಸುತ್ತೆ ಅಂತ ಸೇರಿಸಿದರು.

ಹೊರಗೆ ಬಂದವಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ತೊಳೆದಿಟ್ಟ ಲೋಟಗಳನ್ನೇ ಮತ್ತೆ ತೊಳೆದಳು. ಸರಿಯಾಗಿದ್ದ ಸ್ವಿಚ್ ಬೋರ್ಡನ್ನು ಬಿಚ್ಚಿ ಹಾಗೇ ಮುಚ್ಚಿದಳು. ಬೀದಿಗೆ ಹೋಗಿ ವ್ಯಾನು ಬಂತಾ ಅಂತ ನೋಡಿ ಒಳಗೆ ಬಂದಳು. ಸುಮ್ಮನಿದ್ದರೆ ಕೇಳದ ಕಿವಿ ಆರಿಸಿದ ಸಾಮಾನನ್ನು ಮೂರು ವರ್ಷ ಜನರ ಮನೆಗೆ ಹೊಡೆಯಬೇಕು. ಬಾಯಿ ಬಿಟ್ಟರೆ ಈ ಮನುಷ್ಯನಿಗೆ ಉಳಿಯುವುದಾದರೂ ಏನು? ಸ್ಕ್ರೂಡ್ರೈವರ್ ಹಿಡಿಯಲು ಬರುವುದಿಲ್ಲ, ಲೆಕ್ಕ ಬರುವುದಿಲ್ಲ, ಗಿರಾಕಿಗೆ ಸುಳ್ಳು ಹೇಳಲೂ ಬರುವುದಿಲ್ಲ. ಇರುವುದೊಂದು ಹೆಸರು, ಅದೂ ಕಿವಿಯ ಮೇಲೆ ನಿಂತಿರುವುದು. ಹೇಳಲೋ ಬೇಡವೋ ಅಂತ ಅಂಗಡಿಗೆ ಹತ್ತು ಸುತ್ತು ಹಾಕಿದಳು.

ಮೂರೂಕಾಲಕ್ಕೆ ಮೇಷ್ಟ್ರು ಕರಾರಿನ ಕಾಗದ ಎಳೆದುಕೊಂಡು ಪೆನ್ನಿನ ಮುಚ್ಚಳ ತೆಗೆದರು.

"ರೀ, ಬರೀಬೇಡಿ."

"ಯಾಕೆ?"

"ಎರಡನೇದು ಹಾಡೇ ಇಲ್ಲ. ಪೆಟ್ಟಿಗೆ ಕೆಟ್ಟಿದೆ. ಮೂರು ಸುತ್ತೂ ನೀವು ಕೇಳಿದ್ದು ಒಂದನ್ನೇ." ಒಂದೇ ಉಸಿರಿಗೆ ಹೇಳಿದಳು. "ಮೊದಲನೇ ಸುತ್ತಲ್ಲೇ ನನಗೆ ಗೊತ್ತಾಯ್ತು. ಸುಮ್ಮನಿದ್ದೆ. ತಪ್ಪು ನಂದು."

ಮೇಷ್ಟ್ರು ಸಿಡಿಮಿಡಿಗೊಳ್ಳುತ್ತಾರೆ ಅಂದುಕೊಂಡಿದ್ದಳು. ಅವರು ಮುಚ್ಚಳವನ್ನು ಮೆಲ್ಲಗೆ ಪೆನ್ನಿಗೆ ಹಾಕಿ, ಮೇಜಿನ ಅಡಿಯ ಖಾನೆಯಿಂದ ನಾಲ್ಕು ಮಡಿಕೆಯ ಕಾಗದವೊಂದನ್ನು ತೆಗೆದು ಅವಳ ಮುಂದಿಟ್ಟರು. ಕಿವಿ ಡಾಕ್ಟರ ಚೀಟಿ. ತಾರೀಕು ನೋಡಿದರೆ ಒಂದೂವರೆ ವರ್ಷ ಹಳೆಯದು.

"ಮೇಲಿನ ಸ್ವರ ಒಂದೂ ಕೇಳಲ್ಲ ನನಗೆ," ಅಂದರು. "ಮಾತು ಕೇಳುತ್ತೆ. ಹಾಡು ಪಕ್ಕದ ಮನೇಲಿ ಹಾಡಿದ ಹಾಗೆ ಕೇಳುತ್ತೆ."

"ಮತ್ತೆ ಹೋದ ವರ್ಷವೆಲ್ಲ ಆರಿಸಿದ್ದು? ಒಂದೂ ತಪ್ಪಲಿಲ್ಲವಲ್ಲ?"

ಮೇಷ್ಟ್ರು ಅವಳ ಮುಖ ನೋಡಲಿಲ್ಲ. "ನಿನ್ನ ಕೈ ಕೇಳ್ತಿದ್ದೆ."

"ಅಂದ್ರೆ?"

"ನಿನಗೆ ಹಿಡಿಸದೇ ಇದ್ದದ್ದನ್ನ ನೀನು ಬೇಗ ಟಕ್ ಅಂತ ಬದಲಾಯಿಸ್ತೀಯ. ಹಿಡಿಸಿದ್ದನ್ನ ಹಾಗೇ ಬಿಟ್ಟಿರ್ತೀಯ. ಕೇಳ್ತಾ ಸನ್ನೆ ಮರೆತುಬಿಡ್ತೀಯ. ನಿನಗೇ ಗೊತ್ತಿಲ್ಲ ಅದು. ಟಕ್ ಟಕ್ ನಡುವೆ ಯಾವುದು ಜಾಸ್ತಿ ಹೊತ್ತು ಹಾಡುತ್ತೋ ಅದನ್ನೇ ನಾನು ಹೇಳ್ತಾ ಬಂದೆ. ಇವತ್ತು ಎರಡನ್ನ ತುಂಬ ಹೊತ್ತು ಬಿಟ್ಟಿದ್ದೆ."

ಬಿಟ್ಟಿದ್ದು ಹೌದು. ಸತ್ತ ಸ್ಪೀಕರಿನ ಎದೆ ಮುಟ್ಟಿ ನೋಡುತ್ತ ಕೂತಿದ್ದಳಲ್ಲ.

ಕರೆಂಟಕ್ಕನಿಗೆ ಮೊದಲು ಅಯ್ಯೋ ಪಾಪ ಅನ್ನಿಸಿತು. ಆ ಪಾಪ ಬಹಳ ಹೊತ್ತು ಉಳಿಯಲಿಲ್ಲ, ಹಿಂದೆಯೇ ಸಿಟ್ಟು ನೆತ್ತಿಗೇರಿತು. ಯಾಕೇರಬಾರದು? ಒಂದೂವರೆ ವರ್ಷ ಜನ ಬಂದು ಮೇಷ್ಟ್ರ ಕೈ ಕುಲುಕಿ ಹೋಗುವಾಗ ಇವಳು ಅದೇ ಜನರ ಮನೆಯ ಏಣಿಯ ಮೇಲೆ ತಂತಿ ಎಳೆಯುತ್ತಿದ್ದಳು. ಅವಳಿಗೂ ಒಂದು ಕಿವಿ ಇದೆ ಅಂತ ಯಾರೂ ಅಂದಿರಲಿಲ್ಲ. ಅವಳಿಗೇ ಗೊತ್ತಿರಲಿಲ್ಲ. ಗೊತ್ತಿದ್ದವರು ಒಬ್ಬರೇ, ಅವರು ಬಾಯಿ ಬಿಟ್ಟಿರಲಿಲ್ಲ.

"ಕಿವಿ ಹೋಗಿದ್ದಕ್ಕೆ ನನಗೆ ಬೇಜಾರಿಲ್ಲ," ಅಂದಳು. "ವಯಸ್ಸಾದ ಮೇಲೆ ಯಾರಿಗಾದ್ರೂ ಹೋಗುತ್ತೆ. ನನ್ನದನ್ನ ನನಗೇ ಹೇಳದೆ ತಗೊಂಡ್ರಲ್ಲ, ಅದು ಉರಿಯುತ್ತೆ."

"ಹೆದರಿಕೊಂಡಿದ್ದೆ," ಅಂದರು ಮೇಷ್ಟ್ರು.

ಅವಳು ಪೆಟ್ಟಿಗೆ ಬಿಚ್ಚಿ, ಒಳಗೆ ಸುಟ್ಟುಹೋಗಿದ್ದ ಬಿಡಿಭಾಗ ತೆಗೆದು ಬೇರೆ ಹಾಕಿದಳು. ಮೀಟರು ಹಿಡಿದು ಸದ್ದು ಸಮ ಮಾಡಿದಳು. ಆಮೇಲೆ ಗಂಡನ ತೋಳು ಹಿಡಿದು ಸ್ಪೀಕರುಗಳ ಪಕ್ಕ, ಪೆಟ್ಟಿಗೆಯ ಎದುರು ನಿಲ್ಲಿಸಿದಳು. "ಉಸಿರು ಲೆಕ್ಕ ಇಟ್ಕೊಂಡು ಸನ್ನೆ ತಳ್ಳಿ. ಹತ್ತಕ್ಕೆ ಹತ್ತು. ಒಂದು ಜಾಸ್ತಿ ಇಲ್ಲ, ಒಂದು ಕಮ್ಮಿ ಇಲ್ಲ." ತಾನು ಪರದೆಯ ಆಚೆ ಹೋಗಿ ಕುರ್ಚಿಯಲ್ಲಿ ಕೂತಳು. ಇಪ್ಪತ್ತು ವರ್ಷದಲ್ಲಿ ಅವಳು ಒಂದು ಸಲವೂ ಅದರಲ್ಲಿ ಕೂತಿರಲಿಲ್ಲ. ಏನೂ ಕೇಳದೇ ಹೋದರೆ? ಕಣ್ಣು ಮುಚ್ಚಿದಳು.

ಕೇಳಿತು. ಇದರಲ್ಲಿ ಹಾಡುವವಳು ಎದುರಿಗೆ ನಿಂತಿದ್ದಾಳೆ, ಅದರಲ್ಲಿ ಬಾಗಿಲಿನ ಆಚೆ ನಿಂತಿದ್ದಾಳೆ. ಅಷ್ಟೇ. ಅದಕ್ಕೆ ಗಂಟಲು, ಎದೆ ಏನೂ ಬೇಕಾಗಿರಲಿಲ್ಲ. ಮೂರು ಸುತ್ತೂ ಅವಳು ಹೇಳಿದ್ದು "ಒಂದು."

ಸರಿಯಾಗಿ ನಾಲ್ಕಕ್ಕೆ ಡಾಕ್ಟರಮ್ಮನ ಫೋನು ಬಂತು. ಮೇಷ್ಟ್ರು ಎತ್ತಿದರು. ಇನ್ನೂ ಅವರು ಏನು ಬೇಕಾದರೂ ಹೇಳಬಹುದಿತ್ತು, ಅವಳು ಅಡ್ಡ ಬರುತ್ತಿರಲಿಲ್ಲ.

"ಮೇಡಂ, ಒಂದನೇ ಕಂಪನಿಯದ್ದು," ಅಂದರು. "ಆದರೆ ಆರಿಸಿದ್ದು ನಾನಲ್ಲ, ನಮ್ಮನೆಯವಳು. ನನ್ನ ಕಿವಿ ಹೋಗಿ ಒಂದೂವರೆ ವರ್ಷ ಆಯ್ತು. ಅಲ್ಲಿಂದ ಎಲ್ಲ ಅವಳೇ ಆರಿಸಿದ್ದು."

ಆಚೆಯಿಂದ ಡಾಕ್ಟರಮ್ಮ ಏನೋ ಹೇಳಿದರು. ಆಮೇಲೆ ಮೇಷ್ಟ್ರು "ಸರಿ, ಸರಿ ಮೇಡಂ" ಅಂದು ಫೋನು ಇಟ್ಟರು.

"ಏನಂದ್ರು?"

"ಯೋಚನೆ ಮಾಡಿ ಹೇಳ್ತಾರಂತೆ."

ಹನ್ನೆರಡು ಕೋಣೆಯ ಕೆಲಸ, ಕೈತಪ್ಪಿದರೂ ತಪ್ಪೀತು. ಹೊರಗೆ ವ್ಯಾನು ಬಂದು ನಿಂತಿತು. ಚಾಲಕ ಒಳಗೆ ಬಂದು ಎರಡು ಜೊತೆಯನ್ನೂ ನೋಡಿ, ರೂಢಿಯಂತೆ ಮೇಷ್ಟ್ರ ಕಡೆ ತಿರುಗಿದ. "ಯಾವುದು ವಾಪಸ್ ಒಯ್ಯಬೇಕು ಮೇಷ್ಟ್ರೇ?"

ಮೇಷ್ಟ್ರು ತಲೆ ಅಲ್ಲಾಡಿಸಿದರು. "ಅವಳನ್ನ ಕೇಳಪ್ಪಾ."

ಚಾಲಕ ಅವಳನ್ನು ನೋಡಿದ. ಕರೆಂಟಕ್ಕ ಹೋಗಿ ಬಲಗಡೆಯ ಜೊತೆಯ ಮೇಲೆ ಕೈಯಿಟ್ಟಳು.

"ಎರಡನೇದು," ಅಂದಳು.