ಬಿಸಿಲಿನಲ್ಲಿ ಹೊಚ್ಚಿದ ತಾಡಪತ್ರಿ

ಮುಯ್ಯಾಳುಗಳಿಗೆಂದು ಬೆಳಿಗ್ಗೆ ರೊಟ್ಟಿ ತಟ್ಟುತ್ತಿದ್ದೆ. ಅವರ ಹೊಲಗಳಲ್ಲಿ ನಾವು ಕೊಯ್ದುಕೊಟ್ಟಿದ್ದೆವು, ಅಂದು ಅವರು ನಮ್ಮ ಸೋಯಾ ಕೊಯ್ಯುವ ಸರದಿ. ಅರ್ಧ ಬೆಳೆ ಆಗಲೇ ಕೊಯ್ದು ಹೊಲದಲ್ಲಿ ಒಣಗಲು ಬಿದ್ದಿತ್ತು. ಮನೆಯ ವರ್ಷದ ಖರ್ಚೆಲ್ಲ ಅದರ ಮೇಲೆಯೇ.

ಅಷ್ಟರಲ್ಲಿ ಪಕ್ಕದ ಮನೆಯ ಅನುರಾಧಾ ಮೊಬೈಲ್ ಹಿಡಿದು ಓಡಿಬಂದಳು.

"ವೈನಿ, ಇವತ್ತು ಕೊಯ್ಯಬ್ಯಾಡ್ರಿ. ಸಂಜಿಕಿ ಜೋರು ಮಳಿ ಅದಂತ ಹವಾಮಾನ ಇಲಾಖೆದವ್ರ ಸಂದೇಶ ಬಂದದ."

ಹಿಟ್ಟಿನ ಕೈ ಹಾಗೇ ನಿಂತಿತು. ಅಂಗಳದಲ್ಲಿ ಕುಡಗೋಲು ಮಸೆಯುತ್ತಿದ್ದ ನನ್ನ ಗಂಡ ಮಚ್ಚೇಂದ್ರ ನಕ್ಕರು.

"ಮುಗಲ ನೋಡವಾ ತಂಗಿ, ಹಿಡಿ ಹತ್ತಿಯಷ್ಟೂ ಮೋಡ ಇಲ್ಲ. ಹೋದ ವಾರನೂ ಮಳಿ ಅಂದಿದ್ರು, ಎಲ್ಲಿ ಬಂತು? ನಿನ್ನ ಮೊಬೈಲಿಗಿ ಜ್ವರ ಬಂದಿರಬೇಕು."

"ನಗ್ರಿ ಅಣ್ಣಾ, ನಗ್ರಿ. ನಮಗ ನಮ್ಮೂರು ದುಬಲಗುಂಡಿ ಮುಗಲ ಅಷ್ಟ ಕಾಣ್ತದ. ಉಪಗ್ರಹಕ್ಕ ಸಮುದ್ರದ ಮ್ಯಾಲಿನ ಮೋಡನೂ ಕಾಣ್ತದ. ಗಾಳಿ ಯಾವ ಕಡಿ ಬೀಸಾಕತ್ತದ, ಅದರಾಗ ಹಸಿ ಎಷ್ಟದ, ಎಲ್ಲಾ ಕಂಪ್ಯೂಟರಿನಾಗ ಹಾಕಿ ಲೆಕ್ಕ ಮಾಡಿ ಹೇಳ್ತಾರ."

"ಹಂಗಾರ ಹೋದ ವಾರ ಲೆಕ್ಕ ಯಾಕ ತಪ್ಪಿತು?"

"ನೀವು ಒಮ್ಮೆ ನೋಡಿ ಕುಂತ್ರಿ. ಆಮ್ಯಾಲ ಗಾಳಿ ತಿರುಗಿತು, ಮರುದಿನದ ಸಂದೇಶನೂ ಬದಲಾತು. ದಿನಾ ಹೊಸಾದು ನೋಡಬೇಕ್ರಿ. ದೂರದ ದಿನದ್ದು ಅಂದಾಜು, ಹತ್ತಿರದ ದಿನದ್ದು ಹೆಚ್ಚು ಖರೆ. ಹಂಗಂತ ಪೂರಾ ಗ್ಯಾರಂಟಿ ಯಾರೂ ಕೊಡಂಗಿಲ್ಲ."

ಅವರು ಕುಡಗೋಲು ಕೆಳಗಿಡಲಿಲ್ಲ. "ಇವತ್ತು ಬಿಟ್ರ ಸರದಿ ಹೋಗ್ತದ. ಮತ್ತ ಮುಯ್ಯಾಳು ಯಾವಾಗ ಸಿಗಬೇಕು?"

ನಾನು ಬಾಯಿ ಹಾಕಿದೆ. "ಸರದಿ ಯಾಕ ಬಿಡಬೇಕು? ಬಂದವರ ಕೈಲೇ ಕೊಯ್ದದ್ದು ಒಟ್ಟಿ ಬಣಮಿ ಹಾಕಸೋಣ. ನಿಂತ ಬೆಳಿ ಒಂದು ಮಳಿ ತಡ್ಕೋತದ, ಅದನ್ನ ಆಮ್ಯಾಲ ನಾವ ಕೊಯ್ಯೋಣ. ನೆಲಕ್ಕ ಬಿದ್ದದ್ದು ತೊಯ್ದರ ಏನಾಗ್ತದ, ಹೋದ ವರ್ಷ ನೋಡಿಲ್ಲೇನು?"

ಅವರು ಕುಡಗೋಲು ಕೆಳಗಿಟ್ಟು ಎದ್ದು, ಬಣವೆಗೆ ಮಳೆ ತಾಗದಂತೆ ಹೊದಿಸುವ ತಾಡಪತ್ರಿ ಹುಡುಕತೊಡಗಿದರು. ಬಾಗಿಲಲ್ಲಿ ನಿಂತಿದ್ದ ಮಗಳು ಆಮ್ರಪಾಲಿ ಏನೋ ಕೇಳಲು ಹೋಗಿ, ಅಪ್ಪನ ಮುಖ ನೋಡಿ ಒಳಗೆ ಸರಿದಳು.

ಹೊಲದಲ್ಲಿ ಮುಯ್ಯಾಳು ಜಿಜಾಬಾಯಿ ಕಾಡಿಸಿದಳು. "ಇಂಥಾ ಬಿಸಲಾಗ ಹೊಚ್ಚಾಕತ್ತೀರಿ, ಸೋಯಾಕ್ಕ ಥಂಡಿ ಆಗ್ಯದೇನು?" ಎಲ್ಲರೂ ನಕ್ಕರು, ಯಾರೂ ಕೈ ನಿಲ್ಲಿಸಲಿಲ್ಲ. ಬಿಸಿಲು ಇಳಿಯುವ ಮೊದಲೇ ಎತ್ತರದ ಜಾಗದಲ್ಲಿ ಬಣವೆ ಕೂತಿತು, ತಾಡಪತ್ರಿಯ ಅಂಚಿಗೆ ಕಲ್ಲು ಬಿದ್ದವು.

ದೀಪ ಹಚ್ಚುವ ಹೊತ್ತಿಗೆ ಮಳೆ ಹೊಡೆಯಿತು. ಅಂಗಳ ಹೊಳೆಯಾಯಿತು.

ಮಾರನೆಯ ಬೆಳಿಗ್ಗೆ ಮಚ್ಚೇಂದ್ರ ಹೊಲಕ್ಕೆ ಹೋಗಿ, ಬಣವೆಯೊಳಗೆ ಮೊಣಕೈತನಕ ಕೈ ಹಾಕಿ ನೋಡಿ ಬಂದರು. "ಒಣಾ ಅದ," ಎಂದು ನನಗೆ ಅಂಗೈ ತೋರಿಸಿದರು. ನನ್ನ ಎದೆ ಹಗುರಾಯಿತು. ಅವರು ಗೋಡೆಯಾಚೆ ಕೂಗಿದರು: "ತಂಗೀ, ಕಾಳು ಬಿಡಸಾಕ ರಾಶಿ ಮಷೀನ್ ಯಾವತ್ತು ಕರಸಲಿ, ನಿನ್ನ ಮೊಬೈಲ್ ನೋಡಿ ಹೇಳವಾ!"

ಅಕ್ಕಂದಿರೇ, ಅಣ್ಣಂದಿರೇ, ಕುಡಗೋಲು ಎತ್ತುವ ಮೊದಲು ಮಳೆಯ ಮುನ್ಸೂಚನೆ ನೋಡಿ. ದಿನವೂ ಹೊಸದನ್ನೇ ನೋಡಿ. ಮೊಬೈಲ್ ಇಲ್ಲದ ಮನೆಗೂ ಕೂಗಿ ಹೇಳಿ. ಇಲ್ಲದಿದ್ದರೆ ನಿಮ್ಮ ಮಕ್ಕಳೂ ಒಂದು ದಿನ ಕೇಳುತ್ತಾರೆ, ಆ ಬೆಳಿಗ್ಗೆ ನಮ್ಮ ಆಮ್ರಪಾಲಿ ರೊಟ್ಟಿ ಮುರಿಯುತ್ತ ಕೊನೆಗೂ ಕೇಳಿಬಿಟ್ಟ ಹಾಗೆ:

"ಅಪ್ಪಾ, ಹೋದ ವರ್ಷ ನಮ್ಮ ಸೋಯಾ ತೊಯ್ದು ಮೊಳಕಿ ಬಂತಲ್ಲ, ಆವಾಗೂ ಈ ಸಂದೇಶ ಬಂದಿತ್ತೇನು?"