ಭುಜದ ಅಳತೆ

ವಿಶಾಖಾ ಕಪಾಟಿನಿಂದ ಒಂದೊಂದೇ ಅಂಗಿ ತೆಗೆದು ಮಂಚದ ಮೇಲೆ ಹಾಕುತ್ತಿದ್ದಳು. ಎಲ್ಲವೂ ತಿಳಿನೀಲಿ. ಒಂದು ಒಗೆದು ಒಗೆದು ಮಾಸಿದ್ದು, ಇನ್ನೊಂದು ಗಂಜಿ ಬಿಡದ ಹೊಸದು, ಆದರೆ ನೀಲಿಯೇ. ಪಡಸಾಲೆಯಲ್ಲಿ ಅಪ್ಪನಿಗೆ ಸ್ನಾನ ಮಾಡಿಸಿ ಆಗಿತ್ತು. ಬಿಳಿ ಅಂಗಿ ಬೇಕೆಂದು ಕೈಲಾಶ ಕಾಕಾ ಆಗಲೇ ಎರಡು ಸಲ ಕೂಗಿದ್ದ.

“ಒಂದೂ ಬಿಳೀದಿಲ್ಲ, ಕಾಕಾ.”

“ಹ್ಯಾಂಗ ಇಲ್ಲ? ಅರವತ್ತೊಂದು ವರ್ಷ ಬಾಳಿದ ಮನುಷ್ಯಾಗ ಒಂದು ಬಿಳಿ ಅಂಗಿ ಇಲ್ಲೇನ?”

“ಬಿಳಿ ಹಾಕ್ಕೊಂಡ್ರ ಕ್ಯಾಮೆರಾದಾಗ ಮಾರಿ ಕರ್ರಗ ಕಾಣ್ತದರಿ,” ಬಾಗಿಲಲ್ಲಿ ನಿಂತಿದ್ದ ಮಕರಂದ ಮೆಲ್ಲಗೆ ಹೇಳಿದ. “ಅದಕ್ಕ ಸರ್ ಬಿಳಿ ಹೊಲಿಸ್ತಿದ್ದಿಲ್ಲ.” ಅವಳ ಅಪ್ಪ ಮಚ್ಛೇಂದ್ರನ ಹಿಂದೆ ಹದಿನೆಂಟು ವರ್ಷ ಕ್ಯಾಮೆರಾ ಹೊತ್ತು ತಿರುಗಿದವನು ಅವನು.

ಕೊನೆಗೆ ಕೈಲಾಶನೇ ಸಂತಪುರದಿಂದ ತಂದಿದ್ದ ಚೀಲದಿಂದ ತನ್ನ ಬಿಳಿ ಅಂಗಿ ತೆಗೆದುಕೊಟ್ಟ. ಅವನು ಅಣ್ಣನಿಗಿಂತ ದಪ್ಪ. ತೊಡಿಸಿದಾಗ ಅಂಗಿ ಭುಜದಿಂದ ಕೆಳಗಿಳಿದು ನಿಂತಿತು. ಗೋಡೆಯ ಮೇಲಿನ ಬುದ್ಧ ಮತ್ತು ಬಾಬಾಸಾಹೇಬರ ಫೋಟೋಗಳ ಕೆಳಗೆ ಮೇಣದಬತ್ತಿ ಹಚ್ಚಿಟ್ಟರು. ಕೇಶರಬಾಯಿ ಗಂಡನ ತಲೆಯ ಹತ್ತಿರ ಕೂತು ಅವನ ಕೂದಲನ್ನು ಬೆರಳಿಂದಲೇ ಹಿಂದಕ್ಕೆ ತೀಡಿದಳು. ನಿನ್ನೆ ಸಂಜೆ ಚಹಾ ಕೇಳಿದವನು ಚಹಾ ಬರುವುದರೊಳಗೆ ಕುರ್ಚಿಯಲ್ಲೇ ಗೋಣು ಚೆಲ್ಲಿದ್ದ.

ಬೀದರಿನ ನೌಬಾದದ ಆ ಸಣ್ಣ ಮನೆಯ ಮುಂದೆ ಪೆಂಡಾಲು ಹಾಕಿದ್ದರು. ಅದರ ಕೆಳಗೆ ಕೂತಿದ್ದ ಪಕ್ಕದ ಮನೆಯ ಶಿವರಾಜಪ್ಪನ ಮಾತು ಕಿಟಕಿಯಿಂದ ಒಳಗೆ ಬಂತು.

“ಒಂದು ಕಾಲಕ್ಕ ಎಂಥಾ ಹೆಸರಿತ್ತರಿ ಇವರ್ದು! ಕಡೀಕಿ ಕೇಬಲ್ಲಿನಾಗ ಅರ್ಧ ತಾಸು ಸುದ್ದಿ ಓದೂ ಹಂಗಾಯ್ತು.”

“ಸುಸ್ತ ಆಗ್ಬಿಟ್ರು, ಭಾಳ ನಿಧಾನ,” ಎಂದು ಇನ್ನೊಬ್ಬ ಅಂದ. “ಆ ಧಂದೆದಾಗ ಸುಸ್ತ ಇದ್ರ ನಡೀತದೇನ್ರಿ?”

ವಿಶಾಖಾ ಕಿಟಕಿ ಹಾಕಲು ಹೋಗಿ ಹಾಗೇ ನಿಂತಳು. ಅದಕ್ಕಿಂತ ಕಟುವಾದ ಮಾತನ್ನು ಅವಳೇ ಆಡಿದ್ದಳು.

*

ಸಂತಪುರದ ಅವರ ಓಣಿಯಿಂದ ಟಿವಿಯಲ್ಲಿ ಮೊದಲು ಕಾಣಿಸಿಕೊಂಡವನು ಮಚ್ಛೇಂದ್ರ. ಬೆಂಗಳೂರಿನ ಒಂದು ಸುದ್ದಿ ಚಾನೆಲ್ಲು ಅವನನ್ನು ಜಿಲ್ಲೆಯ ವರದಿಗಾರನಾಗಿ ತೆಗೆದುಕೊಂಡಿತ್ತು. ಮೊದಲ ತಿಂಗಳು ಡೆಸ್ಕಿನವರು ಅವನ ಮಾತು ಕೇಳಿ ನಕ್ಕಿದ್ದರು. ‘ಹೋಗ್ಯಾರ, ಬಂದಾರ’ ಇಲ್ಲಿ ನಡೆಯೋದಿಲ್ಲ ಎಂದಿದ್ದರು. ಅವನು ದಿನಾ ಬೆಳಿಗ್ಗೆ ಗಡ್ಡ ಮಾಡಿಕೊಳ್ಳುವ ಕನ್ನಡಿಯ ಮುಂದೆ ಪುಸ್ತಕದ ಕನ್ನಡ ಓದಿ ರೂಢಿ ಮಾಡಿಕೊಂಡ. ‘ಬೀದರಿನಿಂದ ಮಚ್ಛೇಂದ್ರ’ ಎಂದು ಅವನು ಮೊದಲ ವರದಿ ಮುಗಿಸಿದ ದಿನ, ಅವನ ತಾಯಿ ಟಿವಿಯ ಗಾಜಿನ ಮೇಲೆ ಕೈಯಾಡಿಸಿ ದೃಷ್ಟಿ ತೆಗೆದಿದ್ದಳು.

ಆಗ ಅವನು ಬಹಳ ಚುರುಕು. ಎಲ್ಲರಿಗಿಂತ ಮೊದಲು ಅವನ ಸುದ್ದಿ ಬರುತ್ತಿತ್ತು. ಆಮೇಲೆ ಏನಾಯಿತೋ ವಿಶಾಖಾಳಿಗೆ ತಿಳಿಯಲಿಲ್ಲ. ಅವಳು ಕಲಬುರಗಿಯ ಹಾಸ್ಟೆಲಿನಲ್ಲಿ ಓದುತ್ತಿದ್ದಳು. ಮನೆಗೆ ಮರಳಿ ಬಂದಾಗ ಅಪ್ಪ ಬೇರೆಯೇ ಆಗಿದ್ದ. ಒಂದು ಹೆಸರಿಗೆ ನಾಲ್ಕು ಜನರನ್ನು ಕೇಳುತ್ತಿದ್ದ. ಕೇಳಿದ ಮೇಲೂ ಅನುಮಾನಿಸುತ್ತಿದ್ದ.

ಬೀದರಿನ ಹತ್ತಿರದ ಕೊಳಾರದ ಒಂದು ಗೋದಾಮಿಗೆ ಬೆಂಕಿ ಬಿದ್ದ ದಿನ ಎಲ್ಲ ಚಾನೆಲ್ಲುಗಳೂ ಮಧ್ಯಾಹ್ನಕ್ಕೇ ಸತ್ತವರ ಹೆಸರು ಹೇಳಿದವು. ಮಚ್ಛೇಂದ್ರ ಒಬ್ಬೊಬ್ಬರ ಮನೆಗೂ ಹೋಗಿ ಕೇಳಿ ಸಂಜೆ ಏಳಕ್ಕೆ ಹೇಳಿದ. ಮರುದಿನವೇ ಚಾನೆಲ್ಲಿನವರು ನಾಳೆಯಿಂದ ಬೇಡ ಎಂದರು. ಮನೆಯಲ್ಲಿ ಸುಮ್ಮನೆ ಕೂತಿದ್ದ ಅಪ್ಪನಿಗೆ ವಿಶಾಖಾ ಅಂದಿದ್ದಳು:

“ನಿನ್ನ ಸುದ್ದಿ ಬರೋದ್ರೊಳಗ ಮಂದಿ ಉಂಡು ಮಲಗಿರ್ತಾರಪ್ಪ. ಸುಸ್ತ ಅಲ್ಲ ನೀ, ಅಂಜಬುರಕ ಆಗೀದಿ.”

ಅವನು ಮಗಳ ಮುಖ ನೋಡಿ, “ಹೌದವ್ವ, ಆಗೇನಿ,” ಎಂದಿದ್ದ, ಅಷ್ಟೆ.

ಮುಂದೆ ಅಪ್ಪ ಊರಿನ ಕೇಬಲ್ಲಿನಲ್ಲಿ ಸುದ್ದಿ ಓದತೊಡಗಿದರೂ ಅವಳು ನೋಡಲಿಲ್ಲ. ಭಾಲ್ಕಿಯಲ್ಲಿ ಹೈಸ್ಕೂಲು ಟೀಚರಾದ ಮೇಲಂತೂ, ಅಪ್ಪ ಏನು ಮಾಡುತ್ತಾರೆ ಎಂದು ಯಾರಾದರೂ ಕೇಳಿದರೆ, “ಮನ್ಯಾಗ ಇರ್ತಾರ,” ಎನ್ನುತ್ತಿದ್ದಳು.

*

ಒಂದು ಗಂಟೆಗೆ ನರೆತ ಗಡ್ಡದವನೊಬ್ಬ ಬಂದ. ಪೆಂಡಾಲಿನಲ್ಲಿ ಯಾರಿಗೂ ಅವನ ಗುರುತಿರಲಿಲ್ಲ. ಮಕರಂದ ಮಾತ್ರ ಎದ್ದು ನಿಂತು ದಾರಿ ಬಿಟ್ಟ. ಕೇಶರಬಾಯಿ ತಲೆಯ ಮೇಲೆ ಸೆರಗು ಎಳೆದುಕೊಂಡಳು.

“ಬರ್ರಿ ಇಸ್ಮಾಯಿಲಭಾಯಿ.”

ಅವ್ವನಿಗೆ ಇವನು ಹೇಗೆ ಗೊತ್ತು ಎಂದು ವಿಶಾಖಾ ನೋಡಿದಳು. ಅವನು ಹೆಣದ ಪಕ್ಕ ಮೊಳಕಾಲೂರಿ ಕೂತ. ಬಹಳ ಹೊತ್ತು ಮುಖ ನೋಡಲಿಲ್ಲ, ಅಂಗಿಯನ್ನೇ ನೋಡಿದ.

“ಈ ಅಂಗಿ ಇವರ್ದಲ್ಲರಿ,” ಎಂದ. “ಇವರ ಭುಜ ಹದಿನೇಳೂವರಿ. ಇದು ಹತ್ತೊಂಬತ್ತು ಅದ.”

“ನೀವು ಯಾರ್ರಿ?” ವಿಶಾಖಾ ಕೇಳಿದಳು.

“ನಾ ಔರಾದಿನ ಟೇಲರ್‌ರೀ. ಮಹಮ್ಮದ ಇಸ್ಮಾಯಿಲ. ಇವರ ಅಂಗಿ ಎಲ್ಲಾ ನಾನೇ ಹೊಲಿದದ್ದು, ವರ್ಷಕ್ಕೊಂದು.”

“ಬೀದರದಾಗ ಟೇಲರ್ ಇಲ್ಲಂತ ಔರಾದಕ ಬರ್ತಿದ್ರೇನ್ರಿ?”

ಅವನು ಕೇಶರಬಾಯಿಯ ಕಡೆ ನೋಡಿದ.

“ಹೇಳ್ರಿ,” ಎಂದಳು ಕೇಶರಬಾಯಿ. “ತಾವು ಇರೂತನ ಆಕಿಗಿ ಹೇಳಬ್ಯಾಡ ಅಂತಿದ್ರು. ಈಗ ಹೇಳ್ರಿ.”

*

ಹದಿನಾಲ್ಕು ವರ್ಷದ ಹಿಂದೆ, ಆಗಸ್ಟಿನಲ್ಲಿ, ಬೆಳಿಗ್ಗೆಯಿಂದ ಬಿಡದೆ ಮಳೆ. ಭಾಲ್ಕಿಯಿಂದ ಔರಾದಿಗೆ ಹೊರಟ ಖಾಸಗಿ ಬಸ್ಸೊಂದು ಹಳ್ಳದ ಸೇತುವೆಯಿಂದ ಕೆಳಗೆ ಬಿದ್ದಿತ್ತು. ಭಾಲ್ಕಿಯ ಆಸ್ಪತ್ರೆಯ ವರಾಂಡದಲ್ಲಿ ಐದು ಹೆಣ ಮಲಗಿಸಿದ್ದರು. ಡೆಸ್ಕಿನಿಂದ ಮಚ್ಛೇಂದ್ರನಿಗೆ ಫೋನು ಬಂತು.

“ನಾಲ್ಕು ಹೆಸರು ಎಲ್ಲರ ಹತ್ತಿರವೂ ಇದೆ. ಐದನೇದು ನಾವೇ ಮೊದಲು ಕೊಡಬೇಕು. ಎರಡು ನಿಮಿಷದಲ್ಲಿ ನಿಮ್ಮನ್ನ ಲೈವ್ ತಗೋತೀವಿ.”

ಐದನೆಯವನ ಜೇಬಿನಲ್ಲಿ ಒಂದು ತೊಯ್ದ ಚೀಟಿ ಸಿಕ್ಕಿತ್ತು. ಮೇಲೆ ಅಚ್ಚಾದದ್ದು ಮಾತ್ರ ಓದಲು ಬರುತ್ತಿತ್ತು: ಮಹಮ್ಮದ ಇಸ್ಮಾಯಿಲ, ಟೇಲರ್, ಬಸ್ ನಿಲ್ದಾಣದ ಹತ್ತಿರ, ಔರಾದ. ಕೆಳಗೆ ಪೆನ್ನಿನಲ್ಲಿ ಬರೆದದ್ದು ನೀರಿಗೆ ಹರಡಿಹೋಗಿತ್ತು.

“ಯಾರ್ನಾದ್ರೂ ಒಮ್ಮೆ ಕೇಳೋಣೇನ್ರಿ ಸರ್?” ಎಂದ ಮಕರಂದ.

“ಟೈಮಿಲ್ಲೋ. ಕ್ಯಾಮೆರಾ ಹಚ್ಚು.”

ಅದು ಬಟ್ಟೆ ಹೊಲಿಯಲು ಕೊಟ್ಟ ಗಿರಾಕಿಗೆ ಅಂಗಡಿಯವರು ಕೊಡುವ ಚೀಟಿ. ಸತ್ತವನು ಗಿರಾಕಿ. ಟೇಲರ್ ಇಸ್ಮಾಯಿಲ ಅಂದು ಬೆಳಿಗ್ಗೆ ಅಸ್ತರಿನ ಬಟ್ಟೆ ತರಲು ಭಾಲ್ಕಿಗೆ ಹೋಗಿದ್ದ. ಆ ಬಸ್ಸು ತಪ್ಪಿ, ಮುಂದಿನ ಬಸ್ಸಿಗೆ ಕಾದು ಕೂತಿದ್ದ. ಅವನ ತಂದೆ ಬಾಬುಮಿಯಾ ಔರಾದಿನಲ್ಲಿ, ಅಂಗಡಿ ಪಕ್ಕದ ಚಹಾದ ಹೋಟೆಲಿನಲ್ಲಿ ಟಿವಿ ನೋಡುತ್ತಿದ್ದ. ಮಗನ ಹೆಸರು, ಕಸುಬು, ಊರು ಮೂರನ್ನೂ ಮಚ್ಛೇಂದ್ರ ಸ್ಪಷ್ಟವಾಗಿ, ಪುಸ್ತಕದ ಕನ್ನಡದಲ್ಲಿ ಹೇಳಿದ. ಬಾಬುಮಿಯಾ ಎದ್ದು ನಿಂತ. ಎರಡು ಹೆಜ್ಜೆ ಇಟ್ಟ. ಬಾಗಿಲಲ್ಲೇ ಬಿದ್ದ, ಮತ್ತೆ ಏಳಲಿಲ್ಲ.

ನಾಲ್ಕು ಗಂಟೆಗೆ ಇಸ್ಮಾಯಿಲ ಬಗಲಲ್ಲಿ ಬಟ್ಟೆಯ ಗಂಟು ಇಟ್ಟುಕೊಂಡು ಮನೆಗೆ ಬಂದಾಗ, ಮನೆಯವರು ಅತ್ತದ್ದು ಯಾರಿಗಾಗಿ ಎಂದು ಅವರಿಗೇ ತಿಳಿಯದೆ ಹೋಯಿತು.

ತಪ್ಪನ್ನು ತಿದ್ದಿ ಹೇಳಬೇಕು ಎಂದು ಮಚ್ಛೇಂದ್ರ ಡೆಸ್ಕಿಗೆ ನಾಲ್ಕು ಸಲ ಫೋನು ಮಾಡಿದ. ನಾಲ್ಕನೆಯ ಸಲ ಅತ್ತಲಿಂದ ಬಂದ ಉತ್ತರ: “ಹೆಸರು ತೆಗೆದಿದ್ದೀವಲ್ಲ. ಸತ್ತವರ ಸಂಖ್ಯೆ ಸರಿಯಾಗೇ ಇದೆಯಲ್ಲ, ಮತ್ತೇನು?”

*

“ಮೂರು ದಿನ ಬಿಟ್ಟು ಬಂದ್ರು,” ಎಂದ ಇಸ್ಮಾಯಿಲ. “ನಾ ಶಟರ್ ಎಳಕೊಂಡೆ. ಮರುವರ್ಷ ಅದೇ ತಾರೀಖಿಗೆ ಮತ್ತ ಬಂದ್ರು. ಹೊರಗ ಬೆಂಚಿನ ಮ್ಯಾಲ ಸಂಜೀತನ ಕೂತ್ರು. ಮೂರನೇ ವರ್ಷ ಒಂದು ಬಟ್ಟಿ ತಂದಿದ್ರು, ನೀಲೀದು. ‘ಅಂಗಿ ಹೊಲೀತೀರೇನ್ರಿ?’ ಅಂದ್ರು. ಗಿರಾಕಿಗಿ ಇಲ್ಲ ಅನ್ನಲಿಕ್ಕಿ ಆಗ್ತದೇನ್ರಿ? ಟೇಪ್ ತಗೊಂಡೆ.”

“ಏನು ಮಾತಾಡ್ತಿದ್ರಿ?” ವಿಶಾಖಾ ಕೇಳಿದಳು.

“ಏನಿಲ್ಲವ್ವ. ಅಳತಿ ತಗೋತಿದ್ದೆ. ‘ಕಾಲರ್ ಹ್ಯಾಂಗ ಇಡ್ಲಿ?’ ಅಂತಿದ್ದೆ. ‘ಹಿಂದಿನ ಹಂಗೇ ಇಡ್ರಿ,’ ಅಂತಿದ್ರು. ಹನ್ನೆರಡು ವರ್ಷ ಅಷ್ಟೇ ಮಾತು.” ಅವನು ತನ್ನ ಹೆಬ್ಬೆರಳನ್ನು ಇನ್ನೊಂದು ಕೈಯಿಂದ ಒತ್ತಿಕೊಳ್ಳುತ್ತ ಕೂತ. “ಹೋದ ವರ್ಷ ಭುಜದ ಅಳತಿ ತಗೊಳ್ಳೂ ಮುಂದ ನೋಡಿದೆ, ಅರ್ಧ ಇಂಚು ಇಳಿದಿತ್ತು. ವಯಸ್ಸಾಯ್ತು ಅನಿಸ್ತು. ಅಂದುಬಿಡಬೇಕು ಅಂತ ನಾಲಿಗಿ ತುದೀತನ ಬಂದಿತ್ತರಿ. ‘ಆಯ್ತು ಸಾಹೇಬ್ರ, ನನ್ನ ದಿಲ್‌ದಾಗ ಏನಿಲ್ಲ, ಮಾಫ್ ಮಾಡೇನಿ’ ಅಂತ. ಅಷ್ಟರಾಗ ಒಬ್ಬ ಗಿರಾಕಿ ಬಂದ. ಮುಂದಿನ ವರ್ಷ ಅಂದ್ರಾಯ್ತು ಅಂತ ಬಿಟ್ಟೆ.”

ಹೊರಗೆ ಹೂವಿನ ಹಾರ ತಂದವರು ಗಾಡಿ ನಿಲ್ಲಿಸಿದ ಸದ್ದು ಕೇಳಿಸಿತು. ವಿಶಾಖಾ ಅಪ್ಪನ ಅಂಗಿಯ ಇಳಿದ ಭುಜವನ್ನು ಮೇಲಕ್ಕೆ ಎಳೆದು ಸರಿಮಾಡಲು ನೋಡಿದಳು. ಬಿಟ್ಟೊಡನೆ ಅದು ಮತ್ತೆ ಇಳಿಯಿತು. ಅವಳು ಮತ್ತೆ ಎಳೆದಳು. ಕೇಶರಬಾಯಿ ಮಗಳ ಕೈ ಹಿಡಿದು ನಿಲ್ಲಿಸಿದಳು.

“ಇರ್ಲಿ ಬಿಡವ್ವ.”

“ನನಗೊಂದು ಮಾತು ಹೇಳಬಾರದಿತ್ತೇನವ್ವ?”

“ಏನಂತ ಹೇಳ್ಲಿ? ನೀ ಅಂಜಬುರಕ ಅಂದಿ. ಆಕಿ ಸುಳ್ಳೇನು ಹೇಳಿಲ್ಲ ಅಂತ ಅವರೇ ಅಂದ್ರು.”

ಮೂರು ಗಂಟೆಗೆ ತ್ರಿಶರಣ, ಪಂಚಶೀಲ ಹೇಳಿ ಮುಗಿಸಿದರು. ಚಟ್ಟ ಎತ್ತುವ ಹೊತ್ತಿಗೆ ಇಸ್ಮಾಯಿಲ ಕೇಶರಬಾಯಿಯ ಎದುರು ಬಂದು ನಿಂತ.

“ಭಾಬಿ, ನಾ ಹೆಗಲು ಕೊಡ್ಲೇನ್ರಿ?”

ಕೇಶರಬಾಯಿ ಕೈಲಾಶನ ಕಡೆ ನೋಡಿದಳು. ಮುಂದಿನ ಬಲಗಡೆಗೆ ನಿಂತಿದ್ದ ಕೈಲಾಶ ಒಂದು ಮಾತೂ ಕೇಳದೆ ಜಾಗ ಬಿಟ್ಟು ಸರಿದ.

ನೌಬಾದದ ರಸ್ತೆಯ ಡಾಂಬರು ಬಿಸಿಲಿಗೆ ಮೆತ್ತಗಾಗಿತ್ತು. ನೂರು ಹೆಜ್ಜೆ ಆದ ಮೇಲೆ ಶಿವರಾಜಪ್ಪ ಹತ್ತಿರ ಬಂದು, “ಹೆಗಲು ಬದಲಿ ಮಾಡೋಣ, ಇಲ್ಲಿ ಕೊಡ್ರಿ,” ಎಂದ. ಇಸ್ಮಾಯಿಲ ಕೇಳಿಸಿಕೊಂಡಂತೆ ಕಾಣಲಿಲ್ಲ. ತಿರುವಿನಲ್ಲಿ ಮಕರಂದ ಬಂದು ಕೇಳಿದ. ಆಗಲೂ ಕೊಡಲಿಲ್ಲ. ಅದೇ ತಿರುವಿನಲ್ಲಿ ಅವನ ಬಲಗಾಲಿನ ಚಪ್ಪಲಿ ಡಾಂಬರಿಗೆ ಅಂಟಿ ಕಳಚಿತು. ಅವನು ನಿಲ್ಲಲಿಲ್ಲ, ಹಿಂದಿರುಗಿಯೂ ನೋಡಲಿಲ್ಲ. ಒಂದು ಕಾಲಲ್ಲಿ ಚಪ್ಪಲಿ, ಇನ್ನೊಂದು ಕಾಲು ಬರಿದು, ಹಾಗೇ ನಡೆದ.

ಹಿಂದೆ ಬರುತ್ತಿದ್ದ ವಿಶಾಖಾ ಬಗ್ಗಿ ಆ ಚಪ್ಪಲಿಯನ್ನು ಡಾಂಬರಿನಿಂದ ಕಿತ್ತಳು. ಹೊಲಿಗೆ ಯಂತ್ರ ತುಳಿದು ತುಳಿದು ಅದರ ಮುಂಭಾಗ ಸವೆದು ತೂತಾಗಿತ್ತು. ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಅವಳು ಚಟ್ಟದ ಹಿಂದೆ ನಡೆಯತೊಡಗಿದಳು.