ಮಾಸೂಮಾಳ ಗಾದಿ

ಹರಿಹರದ ಅತ್ತೆಯ ಮನೆಯಿಂದ ಬಂದ ದಿನವೇ ಮಾಸೂಮಾಗೆ ಮತ್ತೆ ಉಬ್ಬಸ ಎದ್ದಿತು. ಮಧ್ಯಾಹ್ನ ಗಾದಿಯ ಮೇಲೆ ಮಲಗಿದ್ದ ಮಗು ಎದ್ದು ಕೂತು, ಎರಡೂ ಕೈ ಊರಿ, ಬಾಯಿ ತೆರೆದು ಉಸಿರು ಎಳೆಯುತ್ತಿತ್ತು. ಎದೆಯೊಳಗೆ ಸೀಟಿಯಂಥ ಸದ್ದು. ತಾಯಿ ಖತೀಜಾಬೀ ಬೆನ್ನು ನೀವುತ್ತಿದ್ದಳು. ಹಿಂದಿನ ಸಲ ಆ ತುಟಿಗಳು ನೀಲಿಯಾದದ್ದನ್ನು ಅವಳು ನೋಡಿದ್ದಳು.

ದಾವಣಗೆರೆಯ ಆ ಓಣಿಯಲ್ಲಿ ಅವರದು ಪಿಂಜಾರರ ಮನೆ. ಹಳೆಯ ಗಾದಿ ಬಿಚ್ಚಿ, ಅರಳೆ ಹಿಂಜಿ, ಹೊಸ ಬಟ್ಟೆಗೆ ತುಂಬಿ ಕೊಡುವುದು ಕಸುಬು. ಅಜ್ಜಿ ಹಜೀರಾಬೀ ತಾವು ಮಲಗುತ್ತಿದ್ದ ಗಾದಿಯ ಅರಳೆಯಿಂದಲೇ ಮೊಮ್ಮಗಳಿಗೆ ದಪ್ಪ ಗಾದಿ ಮಾಡಿದ್ದರು. ಹಿರಿಯರ ಮೈಗೆ ಒಗ್ಗಿದ ಅರಳೆ ಮಕ್ಕಳಿಗೆ ಒಳ್ಳೆಯದೆಂದು ಅವರ ನಂಬಿಕೆ.

“ಕಿಟಕಿ ಮುಚ್ಚೇ. ಕೌದಿ ಹೊದಿಸು,” ಎಂದರು ಅಜ್ಜಿ.

ಸದ್ದು ಕೇಳಿ ಪಕ್ಕದ ಮನೆಯ ನರ್ಸ್ ಬಸವಣ್ಣೆಮ್ಮ ಬಂದರು. “ಮೊದ್ಲು ಆಸ್ಪತ್ರೆ. ಮಾತು ಆಮ್ಯಾಲೆ,” ಎಂದು ಮಗುವನ್ನು ಎತ್ತಿ ಜಟಕಾದಲ್ಲಿ ಕೂರಿಸಿದರು. ಸೂಜಿ ಚುಚ್ಚಿದ ಮೇಲೆ ಉಸಿರು ನಿಧಾನಕ್ಕೆ ಇಳಿಯಿತು.

ಮರುದಿನ ಬೆಳಿಗ್ಗೆ ಬಸವಣ್ಣೆಮ್ಮ ಮತ್ತೆ ಬಂದರು. “ಹರಿಹರದಾಗೆ ಅತ್ತೆ ಮನೇಲಿ ಹೆಂಗಿದ್ಲು?”

“ಚೆಂದಾಗಿದ್ಲು. ಹೊಳೆ ಗಾಳಿ ನೋಡು,” ಎಂದರು ಅಜ್ಜಿ.

“ಎಲ್ಲಿ ಮಲಗ್ತಿದ್ದೆ ಮಾಸೂಮಾ?”

“ಚಾಪೆ ಮ್ಯಾಲೆ.”

“ಗಾದಿ ಮಾಡೋರ ಮನೆ ಮಗೀನ ಚಾಪೆ ಮ್ಯಾಲೆ ಮಲಗಿಸಿದ್ಲಾ? ಬರ್ಲಿ ಅವ್ಳು!”

“ಅದೇ ಒಳ್ಳೇದಾಗೈತೆ ಅಜ್ಜಿ,” ಎಂದರು ಬಸವಣ್ಣೆಮ್ಮ. “ಗಾದಿ, ದಿಂಬು, ಕೌದಿಯೊಳಗೆ ದೂಳುನುಸಿ ಅನ್ನೋ ಸಣ್ಣ ಹುಳ ಇರ್ತಾವೆ. ಕಣ್ಣಿಗೆ ಕಾಣಲ್ಲ, ಕಚ್ಚಲ್ಲ. ನಮ್ಮ ಮೈಯಿಂದ ಉದುರೋ ಹೊಟ್ಟು ತಿಂದು ಬದುಕ್ತಾವೆ. ಅವುಗಳ ಹಿಕ್ಕೆ ದೂಳಿನ ಜತೆ ಒಳಗೆ ಹೋದ್ರೆ ಕೆಲವ್ರಿಗೆ ಹಿಂಗಾಗ್ತೈತೆ. ಡಾಕ್ಟ್ರೂ ಅದೇ ಅಂದ್ರು.”

“ಮೆಲ್ಲಗೆ ಮಾತಾಡವ್ವ! ಪಿಂಜಾರರ ಗಾದೀಲಿ ಹುಳ ಅಂದ್ರೆ ಓಣಿಯೋರು ನಮ್ಮ ಬಾಗಿಲಿಗೆ ಬರ್ತಾರಾ?”

“ನಮ್ಮನೇಲೂ ಅವೆ. ಸಾಹುಕಾರ್ರ ಮನೇಲೂ ಅವೆ. ನಿಮ್ಮ ಕಸುಬಿನ ತಪ್ಪಲ್ಲ.”

“ಎಲ್ಲೈತೆ ಹುಳ? ನೋಡೇಬಿಡು!” ಅಜ್ಜಿ ಕೋಲು ತೆಗೆದುಕೊಂಡು ಗಾದಿಗೆ ಬಾರಿಸಿದರು.

ಕಿಟಕಿಯ ಬಿಸಿಲಿನಲ್ಲಿ ದೂಳು ಹೊಗೆಯ ಹಾಗೆ ಎದ್ದಿತು. ಮಾಸೂಮಾ ಕೆಮ್ಮಿದಳು. ಮತ್ತೆ ಕೆಮ್ಮಿದಳು. ಎದೆಯಲ್ಲಿ ಅದೇ ಸೀಟಿ. ಖತೀಜಾಬೀ ಮಗುವನ್ನು ಬಾಚಿಕೊಂಡು ಬೀದಿಗೆ ಓಡಿದಳು.

ಅಜ್ಜಿಯ ಕೈಯಿಂದ ಕೋಲು ಬಿತ್ತು. “ಯಾ ಅಲ್ಲಾ, ದಿನಾ ಸಂಜೆ ಇದನ್ನ ಕೊಡವಿ ಹಾಸ್ತಿದ್ದೋಳು ನಾನೇ.”

ಹೊರಗಿನ ಗಾಳಿಗೆ, ಡಾಕ್ಟರು ಕೊಟ್ಟಿದ್ದ ಔಷಧಿಗೆ ಮಗುವಿನ ಉಸಿರು ಹಿಡಿತಕ್ಕೆ ಬಂತು. ಅಷ್ಟರಲ್ಲಿ ಅಜ್ಜಿ ಒಬ್ಬರೇ ಆ ಗಾದಿಯನ್ನು ಹಿತ್ತಿಲಿಗೆ ಎಳೆದಿದ್ದರು. “ಈಗ ಏನ್ ಮಾಡ್ಬೇಕು, ಹೇಳವ್ವ.”

ಬಸವಣ್ಣೆಮ್ಮ ಹೇಳಿದ ಹಾಗೆ ಅರಳೆ ಹಿಂಜುವ ಕೆಲಸ ನಡುಮನೆಯಿಂದ ಹಿತ್ತಿಲ ಚಪ್ಪರಕ್ಕೆ ಹೋಯಿತು. ಮಾಸೂಮಾ ಚಾಪೆಯ ಮೇಲೆ ತೆಳು ದುಪ್ಪಟಿ ಹಾಸಿ ಮಲಗಿದಳು. ದುಪ್ಪಟಿ, ಹೊದಿಕೆ, ದಿಂಬಿನ ಚೀಲವನ್ನು ವಾರಕ್ಕೊಮ್ಮೆ ಕುದಿಯುವ ನೀರಿನಲ್ಲಿ ನೆನೆಸಿ ಒಗೆದು, ಸುಡುಬಿಸಿಲಿಗೆ ಹರವಿದರು. ಒಣ ಪೊರಕೆಯ ಬದಲು ಒದ್ದೆ ಬಟ್ಟೆಯಲ್ಲಿ ನೆಲ ಒರೆಸಿದರು. ಔಷಧಿ ನಿಲ್ಲಿಸಲಿಲ್ಲ.

ಉಬ್ಬಸ ಪೂರ್ತಿ ಹೋಗಲಿಲ್ಲ. ಮಳೆಗಾಲದಲ್ಲಿ ಒಮ್ಮೆ ಬಂತು. ಆದರೆ ತುಟಿ ನೀಲಿಯಾಗುವ ತನಕ ಯಾರೂ ಕಾಯಲಿಲ್ಲ.

ಈಗ ಗಿರಾಕಿ ಗಾದಿ ಹೊತ್ತು ಬಂದರೆ ಹಜೀರಾಬೀ ಮೊದಲು ಕೇಳುವ ಮಾತು ಒಂದೇ: “ಮನೇಲಿ ಯಾರಿಗಾದ್ರೂ ಉಬ್ಬಸ ಐತಾ? ಹಂಗಾರೆ ಹಳೇ ಅರಳೆ ಬ್ಯಾಡ. ದೂಳು ಹೊರಗೆ ಬರದಂಗೆ ಒತ್ತು ನೇಯ್ಗೆ ಬಟ್ಟೆ ಹಾಕಿಸ್ಕೊಳ್ರಿ.” ಗಿರಾಕಿಗಳು ಇನ್ನೂ ಬರುತ್ತಾರೆ.

ಓದುತ್ತಿರುವ ಅಕ್ಕತಂಗಿಯರೇ, ಇಂದು ನಿಮ್ಮ ಮಗು ಮಲಗಿದಾಗ ಹತ್ತಿರ ಕೂತು ಅದರ ಉಸಿರು ಕೇಳಿ. ಸೀಟಿಯ ಸದ್ದಿದ್ದರೆ ಡಾಕ್ಟರಿಗೆ ತೋರಿಸಿ. ಮಾತಾಡಲಾಗದಷ್ಟು ಏದುಸಿರು ಬಂದರೆ, ತುಟಿ ನೀಲಿಯಾದರೆ, ಮನೆಮದ್ದು ಹುಡುಕುತ್ತಾ ಕೂರಬೇಡಿ. ಆಸ್ಪತ್ರೆಗೆ ಓಡಿ.